ಮಂದಿ ಎಲ್ಲಿ ಹೋದ್ರೋ?

ಗೋಪನಕೊಪ್ಪದ ಮನೆಯಲ್ಲಿ ಅವ್ವನಿಗೆ ನಾನು ತೆಗೆದ ಮೈಸೂರು ಅರಮನೆಯ ಫೋಟೋ ತೋರಿಸಿದೆ. ಭಾನುವಾರ ಸಂಜೆ, ಸುಮಾರು 97,000 ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡ ಹೊತ್ತು. ಅವ್ವ ಕನ್ನಡಕ ಏರಿಸಿ ನೋಡಿದಳು. "ಛಲೋ ಐತಿ. ಆದ್ರ ಮಂದಿ ಎಲ್ಲಿ ಹೋದ್ರೋ?"

ಮಂದಿ ನೂರಾರು ಇದ್ದರು. ನಾನೇ ಅಳಿಸಿದ್ದೆ. ದ್ವಾರದ ಹೊರಗೆ ಟ್ರೈಪಾಡ್, ಲೆನ್ಸಿಗೆ ಎನ್‌ಡಿ ಫಿಲ್ಟರ್, ಶಟರ್ 30 ಸೆಕೆಂಡ್. ಅಷ್ಟು ಹೊತ್ತು ಅಲ್ಲಾಡದ ಗೋಪುರಗಳು ಚೆನ್ನಾಗಿ ಮೂಡುತ್ತವೆ; ಎದುರಿಗೆ ನಡೆದುಹೋಗುವವರು ಒಂದೆಡೆ ನಿಲ್ಲದ ಕಾರಣ ಮೂಡುವುದೇ ಇಲ್ಲ.

ಹಾಗಾದರೆ ಫೋಟೋ ಸುಳ್ಳಾ? ಅಲ್ಲ ಅನ್ಸುತ್ತೆ. ಯಾವ ಕ್ಯಾಮೆರಾವೂ ಎಲ್ಲವನ್ನೂ ಹಿಡಿಯುವುದಿಲ್ಲ. ಏನನ್ನೋ ಬಿಟ್ಟೇ ಇನ್ನೇನನ್ನೋ ತೋರಿಸುತ್ತದೆ. ಸುಳ್ಳು ಇದ್ದದ್ದು ನನ್ನ ಕ್ಯಾಪ್ಷನ್‌ನಲ್ಲಿ: "ಮೌನದ ಅರಮನೆ." ಅಲ್ಲಿ ಮೌನ ಎಲ್ಲಿತ್ತು? ಪೀಪಿ ಊದುವ ಮಕ್ಕಳು, ಬಲೂನು ಮಾರುವವರು, ಟಾಂಗಾ ಕುದುರೆಗಳ ಗೆಜ್ಜೆ. "ಎಂಥಾ ಶಾಂತಿ!" ಅಂತ ಗೆಳೆಯರು ಹೊಗಳಿದಾಗ ಸುಮ್ಮನೆ ಒಪ್ಪಿಕೊಂಡೆ.

1912ರಲ್ಲಿ ಮುಗಿದ ಈ ಅರಮನೆಗೆ ನಕ್ಷೆ ಹಾಕಿದವನು ಹೆನ್ರಿ ಇರ್ವಿನ್ ಅಂತ ನನಗೆ ಗೊತ್ತು. ಕಲ್ಲು ಹೊತ್ತವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ಅದು ನನ್ನ ಕೈ ಮೀರಿದ್ದು. ಕ್ಯಾಪ್ಷನ್ ನನ್ನ ಕೈಯಲ್ಲೇ ಇತ್ತು.

ಈಗ ಬದಲಿಸಿದ್ದೇನೆ: "30 ಸೆಕೆಂಡ್. ಎದುರಿಗೆ ತುಂಬಾ ಮಂದಿ ಇದ್ದರು."