ಚಿತ್ರತುರಗವೂ ಮೈಬಣ್ಣವೂ

ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿದವನು ಅದನ್ನು ದಿಟವಾದ ಕುದುರೆಯೆಂದು ನಂಬುವುದಿಲ್ಲ. ಕುದುರೆಯಲ್ಲವೆಂದು ತಳ್ಳಿಬಿಡುವುದೂ ಇಲ್ಲ. ಭ್ರಾಂತಿಯೂ ಅಲ್ಲದ, ಸಂಶಯವೂ ಅಲ್ಲದ ಇಂಥದೊಂದು ಅರಿವಿನಿಂದಲೇ ಪ್ರೇಕ್ಷಕನು ನಟನಲ್ಲಿ ರಾಮನನ್ನು ಕಾಣುವನೆಂದು ಶಂಕುಕನು ಹೇಳಿದನು. ಆತನ ಮತವನ್ನು ಅನಂತರದವರು ಖಂಡಿಸಿದರಾದರೂ ದೃಷ್ಟಾಂತವು ಮಾತ್ರ ಉಳಿದು ಬಂದಿದೆ. ನಟನ ಮೈಗೂ ಪಾತ್ರದ ಮೈಗೂ ಇರುವ ಅಂತರವನ್ನು ದಾಟುವುದರಲ್ಲಿ ಪ್ರೇಕ್ಷಕನಿಗೂ ಪಾಲುಂಟೆಂಬುದು ಅದರಿಂದ ಹೊರಡುವ ಅರ್ಥ. ಆ ಪಾಲಿನ ಕೆಲಸವು ತನ್ನಿಂದಾಗದೆಂದು ಪ್ರೇಕ್ಷಕನು ಕೈಚೆಲ್ಲಿದರೆ ತಪ್ಪು ಯಾರದು? ಅಮೆರಿಕದ ಗಾಯಕ ಜಾರ್ಜ್ ಶರ್ಲಿಯ ವೃತ್ತಾಂತವನ್ನು ನೋಡಿದರೆ ಈ ಪ್ರಶ್ನೆಯು ಬರಿಯ ಅಲಂಕಾರಶಾಸ್ತ್ರದ್ದಲ್ಲವೆಂಬುದು ತಿಳಿಯುತ್ತದೆ.

ಆಪೆರಾ ಎಂಬುದು ಪಾಶ್ಚಾತ್ಯರ ಗೀತನಾಟಕ. ಅದರಲ್ಲಿ ಪುರುಷಕಂಠಗಳ ಪೈಕಿ ಎತ್ತರದ ಸ್ಥಾಯಿಯಲ್ಲಿ ಹಾಡುವವನಿಗೆ ಟೆನರ್ ಎಂದು ಹೆಸರು. ಪ್ರಣಯಿಯ ಪಾತ್ರವು ಬಹುಮಟ್ಟಿಗೆ ಆತನದೇ. ಐವತ್ತು ದಾಟಿದ ಸ್ಥೂಲಕಾಯನು ಇಪ್ಪತ್ತರ ತರುಣನಾಗಿ ನಿಲ್ಲುತ್ತಾನೆ. ಕ್ಷಯದಿಂದ ಸಾಯುತ್ತಿರುವ ನಾಯಿಕೆಯು ಸಭಾಭವನವೆಲ್ಲ ತುಂಬುವಂತೆ ಹಾಡುತ್ತಾಳೆ. ಯಾರಿಗೂ ಇದರಿಂದ ರಸಭಂಗವಾಗುವುದಿಲ್ಲ. ಆದರೆ ಆ ಪ್ರಣಯಿಯ ಮೈಬಣ್ಣ ಕಪ್ಪಾಗಿದ್ದರೆ ನಂಬುವುದು ಕಷ್ಟವೆಂಬ ಮಾತು ಅಮೆರಿಕದಲ್ಲಿ ಬಹುಕಾಲ ನಡೆಯಿತು. ರೋಲಂಡ್ ಹೇಸ್ ಎಂಬ ಟೆನರ್, ಗುಲಾಮರಾಗಿದ್ದವರ ಮಗ, 1920ರ ದಶಕದಲ್ಲಿ ಲಂಡನ್ನಿನಲ್ಲಿಯೂ ಬರ್ಲಿನ್ನಿನಲ್ಲಿಯೂ ಕಚೇರಿಗಳನ್ನು ಮಾಡಿ ಕೀರ್ತಿವಂತನಾದನು. ಆಪೆರಾ ರಂಗವು ಮಾತ್ರ ಆತನಿಗೆ ತೆರೆಯಲಿಲ್ಲ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಸ್ಥಾಪಿತವಾದುದು 1883ರಲ್ಲಿ. ಅಲ್ಲಿ ಆಫ್ರಿಕನ್ ಮೂಲದ ಗಾಯಕರಿಗೆ ಮುಖ್ಯ ಪಾತ್ರಗಳು ದೊರೆತುದು 1955ರಲ್ಲಿ. ಆ ವರ್ಷದ ಜನವರಿಯಲ್ಲಿ ಮರಿಯನ್ ಆಂಡರ್ಸನ್ ಹಾಡಿದುದು ಕಣಿ ಹೇಳುವ ಉಲ್ರಿಕಾಳ ಪಾತ್ರವನ್ನು. ಅದೇ ತಿಂಗಳು ರಾಬರ್ಟ್ ಮೆಕ್‌ಫೆರಿನ್ ಹಾಡಿದುದು ಇಥಿಯೋಪಿಯದ ಅರಸನ ಪಾತ್ರವನ್ನು. ಎರಡೂ ವೆರ್ದಿಯ ಕೃತಿಗಳವು. ಎರಡೂ ಕಪ್ಪು ಬಣ್ಣದವರೆಂದೇ ಕಲ್ಪಿತವಾದ ಪಾತ್ರಗಳು. ಬಾಗಿಲು ತೆರೆಯಿತು, ದಿಟ; ಆದರೆ ಬಣ್ಣಕ್ಕೆ ಬಣ್ಣ ಹೊಂದಿಸಿ ತೆರೆಯಿತು. ಆಮೇಲೆ ಸ್ತ್ರೀಯರಿಗೆ ನಾಯಿಕಾಪಾತ್ರಗಳು ಬಂದವು. ಕಪ್ಪು ಟೆನರ್ ಒಬ್ಬನಿಗೆ ನಾಯಕಪಾತ್ರವು ಬಂದುದು 1961ರ ಅಕ್ಟೋಬರ್ 24ರಂದು. ಆತನೇ ಶರ್ಲಿ.

ಈತನು 1934ರಲ್ಲಿ ಇಂಡಿಯಾನಾಪೊಲಿಸ್ಸಿನಲ್ಲಿ ಹುಟ್ಟಿ ಡೆಟ್ರಾಯಿಟ್ ನಗರದಲ್ಲಿ ಬೆಳೆದನು. ಅಲ್ಲಿಯ ಪ್ರೌಢಶಾಲೆಯಲ್ಲಿ ಸಂಗೀತದ ಉಪಾಧ್ಯಾಯನಾಗಿ, ಬಳಿಕ ಸೈನ್ಯದ ಗಾಯಕವೃಂದವನ್ನು ಸೇರಿ, 1959ರಲ್ಲಿ ಸಣ್ಣದೊಂದು ಮಂಡಳಿಯೊಡನೆ ಆಪೆರಾ ರಂಗವನ್ನೇರಿದನು. ಮರುವರ್ಷವೇ ಇಟಲಿಯ ಮಿಲಾನಿನಲ್ಲಿ ಪುಚ್ಚೀನಿಯ ಪ್ರಣಯಿ ಕವಿ ರೊಡೊಲ್ಫೋ ಆದನು. ಮೆಟ್ರೊಪಾಲಿಟನ್ನಿನಲ್ಲಿ ಆತನ ಮೊದಲ ಪಾತ್ರವು ಮೊಟ್ಸಾರ್ಟನ ‘ಕೋಸಿ ಫಾನ್ ತುತ್ತೆ’ಯ ಫೆರಾಂದೋ. ಈ ನಾಟಕದ ಕಥೆಯನ್ನು ಇಲ್ಲಿ ಹೇಳದಿರಲಾಗದು. ಇಬ್ಬರು ಸೈನಿಕರು ತಮ್ಮ ಪ್ರೇಯಸಿಯರ ನಿಷ್ಠೆಯನ್ನು ಪರೀಕ್ಷಿಸಲು ಯುದ್ಧಕ್ಕೆ ಹೊರಟಂತೆ ನಟಿಸಿ, ಅಲ್ಬೇನಿಯದವರ ವೇಷ ಹಾಕಿ ಹಿಂದಿರುಗುತ್ತಾರೆ. ಒಬ್ಬನ ಪ್ರೇಯಸಿಯನ್ನು ಮತ್ತೊಬ್ಬನು ಒಲಿಸಿಕೊಳ್ಳುತ್ತಾನೆ. ಮೀಸೆಯ ಮರೆಯಲ್ಲಿರುವ ತನ್ನ ಇನಿಯನನ್ನು ಹೆಣ್ಣು ಗುರುತಿಸಲಾರಳೆಂಬುದನ್ನು 1790ರಿಂದಲೂ ಸಭಿಕರು ನಗುತ್ತ ಒಪ್ಪಿಕೊಂಡು ಬಂದಿದ್ದಾರೆ. ಇಷ್ಟನ್ನು ಒಪ್ಪಬಲ್ಲ ಕಣ್ಣು ಹಾಡುವವನ ಚರ್ಮವನ್ನು ಕಂಡು ತಡವರಿಸಿದರೆ ಅದನ್ನು ರಂಗದ ತೊಡಕೆನ್ನಬಹುದೆ?

ಅಡ್ಡಿ ಹೇಳುವವರ ಪಕ್ಷವನ್ನೂ ಕೇಳಬೇಕು. “ನಮಗೆ ದ್ವೇಷವಿಲ್ಲ, ಆದರೆ ಔಚಿತ್ಯವೆಂಬುದೊಂದುಂಟು. ಪ್ರೇಕ್ಷಕನಿಗೆ ಹೀಗೆ ಅನುಭವಿಸೆಂದು ಆಜ್ಞೆ ಮಾಡಲಾಗದು” ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲದೆ ಇಲ್ಲ. ರಸವು ಅಪ್ಪಣೆಯಿಂದ ಹುಟ್ಟುವುದಲ್ಲ. ಅಭಿನವಗುಪ್ತನು ರಸವಿಘ್ನಗಳನ್ನು ಎಣಿಸುವಾಗ ಮೊದಲು ಹೇಳುವುದೇ ನಂಬಲು ತಕ್ಕುದಲ್ಲವೆಂಬ ಸಂಭಾವನಾವಿರಹವನ್ನು. ಆದರೆ ಅದರ ಮಗ್ಗುಲಲ್ಲೇ ಆತನು ಇನ್ನೊಂದನ್ನು ಹೇಳಿದ್ದಾನೆ: ಪ್ರೇಕ್ಷಕನು ತನ್ನ ದೇಶಕಾಲಗಳನ್ನೂ ತನ್ನದು ಪರರದು ಎಂಬ ಅಭಿಮಾನವನ್ನೂ ಬಿಡದೆ ಹೊತ್ತುಕೊಂಡು ಬಂದು ಕುಳಿತುಕೊಳ್ಳುವುದು. ಮೊದಲನೆಯ ವಿಘ್ನದ ನೆಲೆ ಕಾವ್ಯದಲ್ಲಿ, ಎರಡನೆಯದರ ನೆಲೆ ನೋಡುವವನಲ್ಲಿ. ಅಮೆರಿಕದಲ್ಲಿ ಎರಡನೆಯದಕ್ಕೆ ಮೊದಲನೆಯದರ ಹೆಸರಿಟ್ಟರು. ಕಪ್ಪು ಗಂಡು ಬಿಳಿಯ ಹೆಣ್ಣನ್ನು ವರಿಸುವುದು ಆಗ ಅನೇಕ ರಾಜ್ಯಗಳಲ್ಲಿ ಅಪರಾಧವಾಗಿದ್ದಿತು. 1967ರಲ್ಲಿ ಸುಪ್ರೀಂ ಕೋರ್ಟು ಅಂಥ ಕಾಯಿದೆಗಳನ್ನು ತೊಡೆದುಹಾಕಿದಾಗಲೂ 16 ರಾಜ್ಯಗಳಲ್ಲಿ ಅವು ಉಳಿದಿದ್ದವು. ಬೀದಿಯಲ್ಲಿ ನಿಷೇಧಿಸಿದುದನ್ನು ರಂಗದಲ್ಲಿ ಕಾಣಲೊಲ್ಲದ ಮನಸ್ಸು ತನ್ನ ಅನಿಚ್ಛೆಯನ್ನು ಅಶಕ್ತಿಯೆಂದು ಹೇಳಿಕೊಂಡಿತು. ಲಾರೆನೆನ್ನುವವನನ್ನು ಮನ್ನಿಸಬಹುದು, ಒಲ್ಲೆನೆನ್ನುವವನು ಉತ್ತರ ಕೊಡಬೇಕಾಗುತ್ತದೆ. ಮೇಲಾಗಿ, ಪ್ರೇಕ್ಷಕರ ಹೆಸರಿನಲ್ಲಿ ಹೀಗೆ ಮಾತಾಡುತ್ತಿದ್ದವರು ಆ ಪ್ರೇಕ್ಷಕರ ಮುಂದೆ ಅಂಥ ಗಾಯಕನನ್ನು ನಿಲ್ಲಿಸಿ ನೋಡಿದವರಲ್ಲ.

ನಿಲ್ಲಿಸಿದ ಮೇಲೆ ಆದುದಿಷ್ಟು: ಶರ್ಲಿಯು ಮೆಟ್ರೊಪಾಲಿಟನ್ನಿನಲ್ಲಿಯೇ ಹನ್ನೊಂದು ಋತುಗಳ ಕಾಲ ಹಾಡಿದನು. ಇಂಗ್ಲೆಂಡಿನ ಗ್ಲೈಂಡ್‌ಬೋರ್ನಿನಲ್ಲಿ ರಾಜಕುಮಾರ ತಮೀನೋ ಆದನು. ಲಂಡನ್ನಿನ ಕೊವೆಂಟ್ ಗಾರ್ಡನ್ನಿನಲ್ಲಿ ಮೊಟ್ಸಾರ್ಟನಿಂದ ವಾಗ್ನರನವರೆಗೆ ಹಲವು ಪಾತ್ರಗಳನ್ನು ವಹಿಸಿದನು. ಸ್ತ್ರಾವಿನ್ಸ್ಕಿಯು ತಾನೇ ನಿರ್ದೇಶಿಸಿ ಮುದ್ರಿಸಿದ ‘ಈಡಿಪಸ್ ರೆಕ್ಸ್’ನಲ್ಲಿ ಈಡಿಪಸ್ ಆತನೇ, ಬೂಲೆಜನು ಮುದ್ರಿಸಿದ ದೆಬುಸ್ಸಿಯ ಕೃತಿಯಲ್ಲಿ ಪೆಲ್ಲೆಯಾಸ್ ಆತನೇ. ಗ್ರಾಮಫೋನು ತಟ್ಟೆಗೆ ಮೈಬಣ್ಣವಿಲ್ಲ. ಕಣ್ಮುಚ್ಚಿ ಆ ಪೆಲ್ಲೆಯಾಸನನ್ನು ಕೇಳಿ ಕರಗಿದವನು, ಕಣ್ತೆರೆದಾಗ ಕರಗದಿದ್ದರೆ, ಆ ನಡುವೆ ಕಲೆಯಲ್ಲಿ ಏನೂ ಬದಲಾಗಿರುವುದಿಲ್ಲ.

ಈ ವಾದಕ್ಕೆ ಇನ್ನೊಂದು ಮಗ್ಗುಲುಂಟು. ವೆರ್ದಿಯ ‘ಒತೆಲ್ಲೊ’ ಮಿಲಾನಿನಲ್ಲಿ ಮೊದಲು ಆಡಲ್ಪಟ್ಟುದು 1887ರಲ್ಲಿ. ಕಪ್ಪು ಮೂರನಾದ ಈ ನಾಯಕನ ಪಾತ್ರವನ್ನು ಬಿಳಿಯ ಟೆನರುಗಳು ಮುಖಕ್ಕೆ ಮಸಿ ಬಳಿದುಕೊಂಡು ಹಾಡಿದರು. ಆ ಬಣ್ಣವು ಬರಿಯ ಲೇಪವೆಂದು ತಿಳಿದೂ ಸಭಿಕರಿಗೆ ರಸಭಂಗವಾಗಲಿಲ್ಲ. ಬಿಳಿಯನ ಮೇಲೆ ಬಳಿದ ಕಪ್ಪು ನಂಬಲು ಸುಲಭ, ಹುಟ್ಟಿನ ಕಪ್ಪು ನಂಬಲು ಕಷ್ಟ! ಮೆಟ್ರೊಪಾಲಿಟನ್ನಿನಲ್ಲಿ ಈ ಲೇಪವನ್ನು ಕೈಬಿಟ್ಟು ಒತೆಲ್ಲೊವನ್ನು ಆಡಿದುದು 2015ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ವಾಷಿಂಗ್‌ಟನ್ನಿನಲ್ಲಿ, ಅಧ್ಯಕ್ಷ ಒಬಾಮರ ಕೈಯಿಂದ, ಎಂಬತ್ತೊಂದು ವರ್ಷದ ಶರ್ಲಿಯು ರಾಷ್ಟ್ರೀಯ ಕಲಾಪದಕವನ್ನು ಸ್ವೀಕರಿಸಿದನು.