ಜೋಸೆಫನನ್ನು ಮರೆತ ದೇಶ



ಧರ್ಮಸಭೆ 1914ರಿಂದ ವಲಸಿಗರಿಗಾಗಿ ಒಂದು ದಿನವನ್ನು ಮೀಸಲಿಟ್ಟು ಪ್ರಾರ್ಥಿಸುತ್ತ ಬಂದಿದೆ. ವಲಸೆ ಎಂದ ಕೂಡಲೇ ಅಮೆರಿಕ, ಯುರೋಪಿನ ಗಡಿಗಳು ನೆನಪಾಗುತ್ತವೆ. ಜತ್ತ ತಾಲೂಕಿನ ನಾವು ಅಷ್ಟು ದೂರ ನೋಡಬೇಕಾಗಿಲ್ಲ. ದಸರಾ ಮುಗಿದು ದೀಪಾವಳಿ ಬರುವಷ್ಟರಲ್ಲಿ ನಮ್ಮ ಹಳ್ಳಿಗಳಲ್ಲೇ ಮನೆಗಳಿಗೆ ಕೀಲಿ ಬೀಳುತ್ತದೆ.

ಆದಿಕಾಂಡದ ಜೋಸೆಫನನ್ನು ನೆನೆಯೋಣ. ಅಣ್ಣಂದಿರೇ ಮಾರಿದ ಹುಡುಗ ಈಜಿಪ್ಟಿನಲ್ಲಿ ಪರದೇಶಿಯಾದ, ಗುಲಾಮನಾದ, ಸೆರೆಮನೆಯನ್ನೂ ಕಂಡ. ಅವನೇ ಏಳು ವರ್ಷದ ಸುಗ್ಗಿಯಲ್ಲಿ ಕಾಳು ಕೂಡಿಡಿಸಿ, ಏಳು ವರ್ಷದ ಬರದಲ್ಲಿ ಆ ದೇಶಕ್ಕೆ ಅನ್ನ ಕೊಟ್ಟ. ಬರ ತಾಳಲಾರದೆ ಅವನ ತಂದೆ ಯಕೋಬನ ಮನೆತನವೂ ಅಲ್ಲಿಗೇ ಗುಳೆ ಹೋಯಿತು. ವಿಮೋಚನಕಾಂಡಕ್ಕೆ ಬಂದರೆ ಹೊಸ ಅರಸ. ಅವನಿಗೆ ಜೋಸೆಫನ ಗುರುತೇ ಇಲ್ಲ. ಈ ಜನ ಹೆಚ್ಚಾದರಲ್ಲ ಎಂದು ಅಂಜಿದ. ಅಂಜಿ ಹೊರಗೆ ಹಾಕಿದನೇ? ಇಲ್ಲ, ಇಟ್ಟಂಗಿ ಮಾಡಲು ಹಚ್ಚಿದ. ಅವರು ದೇಶ ಬಿಟ್ಟು ಹೋದಾರೆಂಬ ಭಯವೂ ಅವನಿಗಿತ್ತು. ದುಡಿಮೆ ಬೇಕು, ದುಡಿಯುವವರು ಬೇಡ.

ಈಗ ಕಬ್ಬಿಗೆ ಬರೋಣ. ಕೃಷ್ಣಾ ದಂಡೆಯ ವಾಳವಾ, ಪಲೂಸಿನ ಕಡೆಗೆ, ಕೊಲ್ಲಾಪುರ, ಬೆಳಗಾವಿಯ ಕಡೆಗೆ ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಬೀಡ ಜಿಲ್ಲೆಯವರಿದ್ದಾರೆ, ನಮ್ಮ ತಾಲೂಕಿನವರೂ ಇದ್ದಾರೆ. ಮ್ಹೈಸಾಳ ಯೋಜನೆಯ ನೀರು ಬಂದ ಊರುಗಳಲ್ಲಿ ದ್ರಾಕ್ಷಿ, ದಾಳಿಂಬೆ ಕೈಹಿಡಿದಿವೆ. ನೀರು ಮುಟ್ಟದ ಊರಿನವರಿಗೆ ಕೋಯತಾ ತಪ್ಪಿಲ್ಲ. ಗಂಡ-ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದೇ ‘ಕೋಯತಾ’. ಹೆಂಡತಿಯ ಕೂಲಿಯನ್ನು ಬೇರೆ ಬರೆಯುವುದಿಲ್ಲ. ಮುಕಾದಮ ಮಳೆಗಾಲದಲ್ಲೇ ಉಚಲ ಕೊಟ್ಟಿರುತ್ತಾನೆ, ಅದು ತೀರುವ ತನಕ ಬಿಡುಗಡೆಯಿಲ್ಲ. ನಮ್ಮಲ್ಲಿ ವಿಜ್ಞಾನ ಓದಿದವರಿಗೆ ತಿಳಿದದ್ದೇ: ಕಡಿದ ಕಬ್ಬಿನಲ್ಲಿ ಸುಕ್ರೋಸು ಒಡೆಯತೊಡಗುತ್ತದೆ, ತಡವಾದಷ್ಟೂ ಸಕ್ಕರೆ ಕಡಿಮೆ. ಅದಕ್ಕೇ ಟ್ರಕ್ಕು ನಡುರಾತ್ರಿ ಬಂದರೂ ಎದ್ದು ಹೊರೆ ಹೊರಬೇಕು. 2020ರ ಲಾಕ್‌ಡೌನಿನಲ್ಲಿ ದೇಶವೇ ನಿಂತಾಗ ಸಕ್ಕರೆ ಅವಶ್ಯಕ ವಸ್ತುವಾಗಿತ್ತು. ಅದನ್ನು ಕಡಿದವರು ಮಾತ್ರ ಊರಿಗೆ ಬರಲಾಗದೆ ಏಪ್ರಿಲ್ ತನಕ ಗುಡಿಸಲಲ್ಲೇ ಸಿಕ್ಕಿಬಿದ್ದರು.

ಮಕ್ಕಳ ವಿಷಯ ಇನ್ನೂ ಕಠಿಣ. ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆ ಓದುವ ಹುಡುಗಿ ಕಾರ್ಖಾನೆಯ ಹತ್ತಿರದ ಮರಾಠಿ ಶಾಲೆಗೆ ಹೋಗಿ ಏನು ಕಲಿತಾಳು? ಯುಗಾದಿಗೆ ತಿರುಗಿ ಬರುವಾಗ ಇಲ್ಲಿಯ ಪಾಠವೂ ಮುಗಿದಿರುತ್ತದೆ.

ಇತ್ತ ಮಿರಜ-ಕುಪವಾಡದ ಕೈಗಾರಿಕೆಗಳಿಗೆ ಬಿಹಾರ, ಉತ್ತರ ಪ್ರದೇಶದಿಂದ ಜನ ಬರುತ್ತಾರೆ. ಇವರು ನಮ್ಮ ಕೆಲಸ ಕಸಿದರು ಎಂಬ ಮಾತು ನಮ್ಮ ಯುವಕರ ಬಾಯಲ್ಲೂ ಬರುತ್ತದೆ. ಆ ಮಾತು ಪೂರ್ತಿ ಸುಳ್ಳೆಂದು ತಳ್ಳಿಹಾಕಲಾಗದು. ದೂರದಿಂದ ಬಂದವನಿಗೆ ದರ ಗೊತ್ತಿರುವುದಿಲ್ಲ, ಗುತ್ತಿಗೆದಾರ ಅವನಿಗೆ ಕಡಿಮೆ ಕೊಟ್ಟರೆ ಇಲ್ಲಿಯವನ ಪಗಾರವೂ ಇಳಿಯುತ್ತದೆ. ಆದರೆ ಇಳಿಸಿದವನು ಬಂದವನಲ್ಲ, ಕೊಡದವನು. ಇಬ್ಬರಿಗೂ ಒಂದೇ ಕೂಲಿ ಸಿಕ್ಕರೆ ಈ ಜಗಳಕ್ಕೆ ಜಾಗವಿಲ್ಲ. ಧರ್ಮೋಪದೇಶಕಾಂಡ ಬಡ ಕೂಲಿಯವನಿಗೆ ಹೊತ್ತು ಮುಳುಗುವ ಮೊದಲೇ ಕೂಲಿ ಕೊಡಬೇಕೆನ್ನುತ್ತದೆ. ಅವನು ಸ್ವಜನನೋ ಪರದೇಶಿಯೋ ಎಂಬ ಭೇದ ಅಲ್ಲಿಲ್ಲ. ನಾವು ವಾಳವಾಕ್ಕೆ ಹೋದಾಗ ಬಯಸುವುದೂ ಅದನ್ನೇ ಅಲ್ಲವೇ?

ನಮ್ಮ ಧರ್ಮಕ್ಷೇತ್ರದಲ್ಲಿ ಮರಾಠಿ, ಕೊಂಕಣಿ, ಹಿಂದಿ, ಇಂಗ್ಲಿಷ್, ಕನ್ನಡ ಎಲ್ಲದರಲ್ಲೂ ಪೂಜೆ ನಡೆಯುತ್ತದೆ. ಹಿಂದಿಯ ಹಾಡು ಬಂದಾಗ ಗುಸುಗುಸು ಮಾಡುವವರು, ನಮ್ಮ ಕಬ್ಬಿನವರು ಬೇರೆ ಊರಿನ ದೇವಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕೂಡುವುದನ್ನೂ ನೆನಪಿಟ್ಟುಕೊಳ್ಳಲಿ.

ಅಕ್ಟೋಬರಿನ ಮೊದಲ ಎರಡು ರವಿವಾರ ಪೂಜೆಯ ನಂತರ ಯುವ ಸಂಘದವರು ವಹಿ ಹಿಡಿದು ಬಾಗಿಲಲ್ಲೇ ಕೂಡುತ್ತೇವೆ. ಕಬ್ಬಿಗೆ ಹೋಗುವವರು ಉಚಲದ ಲೆಕ್ಕವನ್ನು, ಇಬ್ಬರ ಹೆಸರನ್ನೂ ಹಾಕಿ, ಬರೆಸಿರಿ. ರೇಷನ್ ಕಾರ್ಡು ತನ್ನಿರಿ; ಆಧಾರ್ ಜೋಡಣೆಯಾಗಿದ್ದರೆ ಅದರ ಮೇಲೆ ಬೆಳಗಾವಿಯಲ್ಲೂ ಧಾನ್ಯ ಸಿಗುತ್ತದೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡುವವರು ತಿಳಿಸಿದರೆ ಸಂಜೆಯ ಪಾಠ ನಾವು ನೋಡಿಕೊಳ್ಳುತ್ತೇವೆ. ಕ್ರಿಸ್ಮಸ್ ಹಬ್ಬ ಕಬ್ಬಿನ ಹಂಗಾಮಿನ ನಡುವೆಯೇ ಬರುತ್ತದೆ. ಈ ಸಲ ಕ್ಯಾರಲ್ ತಂಡ ಗ್ಯಾಂಗಿನ ಗುಡಿಸಲುಗಳ ತನಕ ಬರಲಿದೆ. ಯಾವ ಶಿವಾರದಲ್ಲಿ ಇಳಿದಿದ್ದೀರೆಂದು ಒಂದು ಫೋನು ಮಾಡಿರಿ.