ಈ ಕೋಣೆಯಲ್ಲಿ ಮೊದಲು ಯಾರಿದ್ದರು?

ಕಳೆದ ವರ್ಷ ಮಾರ್ಚ್‌ನಲ್ಲಿ, ದ್ರಾಕ್ಷಿ ಕೊಯ್ಲು ಮುಗಿಯುವ ಹೊತ್ತಿಗೆ, ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್‌ಗೆ ಹೋಗುವುದೆಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದ್ದೆವು. ನಾಲ್ಕು ರಾತ್ರಿ, ಒಂದಿಷ್ಟು ತೋಟಗಳನ್ನು ಸುತ್ತಿ ವೈನ್ ರುಚಿ ನೋಡುವುದಷ್ಟೇ ಕೆಲಸ. ಟಿಕೆಟ್ ಆಯಿತು, ವೀಸಾ ಆಯಿತು. ಎಲ್ಲಿ ಉಳಿದುಕೊಳ್ಳುವುದು ಎಂಬುದು ಮಾತ್ರ ಮೂರು ವಾರವಾದರೂ ಬಗೆಹರಿಯಲಿಲ್ಲ.

ಮೇಲ್ನೋಟಕ್ಕೆ ಇದು ಅನುಕೂಲದ ಪ್ರಶ್ನೆ. ಕೇಪ್‌ಟೌನ್‌ನಲ್ಲೇ ಉಳಿದರೆ ಸಮುದ್ರವೂ ಸಿಗುತ್ತದೆ, ಆದರೆ ದಿನಾ ಸುಮಾರು 50 ಕಿಲೋಮೀಟರ್ ಹೋಗಿ, ಅಷ್ಟೇ ದೂರ ಬರಬೇಕು. ಅಲ್ಲಿ ಕಾರು ಓಡಿಸುವವರ ರಕ್ತದಲ್ಲಿ ಮದ್ಯದ ಮಿತಿ 100 ಮಿಲಿಲೀಟರಿಗೆ 0.05 ಗ್ರಾಂ. ಬಾಯಿಗೆ ಹಾಕಿದ ವೈನನ್ನು ಪಾತ್ರೆಗೆ ಉಗುಳುವ ಶಿಸ್ತು ನಮಗಿಬ್ಬರಿಗೂ ಇಲ್ಲ. ಸ್ಟೆಲೆನ್‌ಬಾಷ್ ಪೇಟೆಯಲ್ಲಿ, ಓಕ್ ಮರಗಳ ಸಾಲಿರುವ ಡಾರ್ಪ್ ಬೀದಿಯ ಆಸುಪಾಸಿನಲ್ಲಿ ಗೆಸ್ಟ್ ಹೌಸ್‌ಗಳಿವೆ; ರಾತ್ರಿ ಊಟಕ್ಕೆ ನಡೆದೇ ಹೋಗಬಹುದು. ಪಕ್ಕದ ಫ್ರಾನ್ಶ್‌ಹುಕ್‌ನಲ್ಲಿ ತಂಗಿದರೆ ತೋಟದಿಂದ ತೋಟಕ್ಕೆ ಕರೆದೊಯ್ಯುವ ಟ್ರಾಮ್ ಇದೆ. ಇವೆಲ್ಲಕ್ಕಿಂತ ಆಸೆ ಹುಟ್ಟಿಸಿದ್ದು ತೋಟದೊಳಗೇ ಉಳಿಯುವುದು. ಬೆಳಿಗ್ಗೆ ಕಿಟಕಿ ತೆರೆದರೆ ದ್ರಾಕ್ಷಿ ಸಾಲು, ಅದರಾಚೆ ನೀಲಿ ಬೆಟ್ಟ.

ಅಂಥದ್ದೊಂದು ಸಿಕ್ಕಿತು. ಸುಣ್ಣ ಬಳಿದ ಗೋಡೆ, ಹುಲ್ಲಿನ ಮಾಡು, ಒಳಗೆ ಬಿಳಿ ಹಾಸಿಗೆ. ಬಾಡಿಗೆ ಹೆಚ್ಚೇ, ಆದರೂ ಕೈಗೆಟುಕದಷ್ಟಲ್ಲ. ಚಿತ್ರದ ಕೆಳಗೆ, ಇದು ಹಿಂದೆ ತೋಟದ ಕೆಲಸಗಾರರ ಮನೆಯಾಗಿತ್ತು, ಹಳೆಯ ಸೊಗಸು ಕೆಡದಂತೆ ನವೀಕರಿಸಿದ್ದೇವೆ ಎಂಬ ಸಾಲು. ನನಗೆ ಅಲ್ಲಿ ಕೈ ನಿಂತಿತು. ಹಾಗಾದರೆ ಆ ಕೆಲಸಗಾರರು ಎಲ್ಲಿದ್ದಾರೆ?

ಆ ಸೀಮೆಯ ಚರಿತ್ರೆ ಸ್ವಲ್ಪ ಗೊತ್ತಿದ್ದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿ ಕೇಪ್‌ನಲ್ಲಿ ನೆಲೆಯೂರಿದ್ದು 1652ರಲ್ಲಿ. ಮೊದಲ ಬಳ್ಳಿ ನೆಟ್ಟದ್ದು 1655ರಲ್ಲಿ. ಮೊದಲ ವೈನ್ ಹಿಂಡಿದ್ದು 1659ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಗುಲಾಮರನ್ನು ತುಂಬಿದ ಹಡಗುಗಳು ಬಂದಿದ್ದವು. ಮಡಗಾಸ್ಕರ್, ಮೊಜಾಂಬಿಕ್, ಇಂಡೋನೇಷ್ಯಾದ ದ್ವೀಪಗಳಿಂದ ಜನರನ್ನು ತಂದರು. ನಮ್ಮ ಬಂಗಾಳ, ಮಲಬಾರು, ಕೋರಮಂಡಲ ಕರಾವಳಿಗಳಿಂದಲೂ ತಂದರು. ಅವರ ಹಳೆಯ ಹೆಸರು ಅಳಿಸಿ ‘ಬಂಗಾಳದವನು’, ‘ಮಲಬಾರಿನವಳು’ ಎಂದು ದಾಖಲೆಗಳಲ್ಲಿ ಬರೆದರು. ಗುಲಾಮಗಿರಿ 1834ರಲ್ಲಿ ಕಾನೂನಿನಿಂದ ಹೋಯಿತು, ಆದರೆ ನಾಲ್ಕು ವರ್ಷ ‘ಕಲಿಕೆ’ಯ ಹೆಸರಿನಲ್ಲಿ ಅದೇ ಧಣಿಗಳ ಬಳಿ ದುಡಿಯಬೇಕಾಗಿ, ನಿಜವಾದ ಬಿಡುಗಡೆ ಸಿಕ್ಕಿದ್ದು 1838ರ ಡಿಸೆಂಬರಿನಲ್ಲಿ. ಆಮೇಲೂ ಕೂಲಿಯ ಒಂದು ಭಾಗವನ್ನು ವೈನ್ ರೂಪದಲ್ಲೇ ಕೊಡುವ ‘ಡಾಪ್’ ಪದ್ಧತಿ ನಡೆಯಿತು. ದಿನಕ್ಕೆ ಹಲವು ಸಲ ಕೆಲಸಗಾರರ ಬಟ್ಟಲಿಗೆ ಅಗ್ಗದ ವೈನ್ ಸುರಿಯುತ್ತಿದ್ದರು. 1960ರ ದಶಕದಲ್ಲಿ ನಿಷೇಧವಾದರೂ 1990ರ ದಶಕದವರೆಗೆ ಅದು ಅಲ್ಲಲ್ಲಿ ಉಸಿರಾಡುತ್ತಿತ್ತು. ಗರ್ಭದಲ್ಲೇ ಮದ್ಯದಿಂದ ಘಾಸಿಗೊಂಡು ಹುಟ್ಟುವ ಮಕ್ಕಳ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವ ಕಡೆಗಳಲ್ಲಿ ಈ ದ್ರಾಕ್ಷಿ ಸೀಮೆಯೂ ಒಂದು.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳಿದಾಗ ಗೆಳೆಯನೊಬ್ಬ ನಕ್ಕ. “ಹಳೇ ಕಟ್ಟಡ ಅಂದ್ಮೇಲೆ ಯಾರದೋ ಬೆವರು, ಯಾರದೋ ಕಣ್ಣೀರು ಇದ್ದದ್ದೇ ಮಾರಾಯ. ಹಾಗೆ ನೋಡ್ತಾ ಹೋದ್ರೆ ಅರಮನೆ ನೋಡೋ ಹಾಗಿಲ್ಲ, ಕೋಟೆ ಹತ್ತೋ ಹಾಗಿಲ್ಲ. ನೀನು ಹೋಗದಿದ್ರೆ ಅಲ್ಲಿ ಹಾಸಿಗೆ ಹಾಸೋವಳಿಗೆ ಸಂಬಳ ಯಾರು ಕೊಡ್ತಾರೆ?” ಎಂದ.

ಅವನ ಮಾತಿನಲ್ಲಿ ಎರಡು ವಾದಗಳಿದ್ದವು. ಮೊದಲನೆಯದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೋಟೆ ಕಟ್ಟಿದವರು ತೀರಿಹೋಗಿದ್ದಾರೆ. ಅವರನ್ನು ನೆನೆಯಬಹುದೇ ಹೊರತು ಅವರಿಗೆ ಏನನ್ನೂ ಹಿಂದಿರುಗಿಸಲಾಗದು. ಆದರೆ ಒಂದು ಮನೆಯಿಂದ ಹತ್ತು ವರ್ಷದ ಹಿಂದೆ ಹೊರಬಿದ್ದವರು ಬದುಕಿರುತ್ತಾರೆ, ಬಹುಶಃ ಅದೇ ರಸ್ತೆಯ ತುದಿಯಲ್ಲಿರುತ್ತಾರೆ. ತೋಟದ ಕೆಲಸಗಾರರಿಗೆ ಕೆಲಸವೂ ಮನೆಯೂ ಒಂದೇ ಗಂಟಿನಲ್ಲಿ ಕಟ್ಟಿರುತ್ತವೆ. ಒಂದು ಹೋದರೆ ಇನ್ನೊಂದೂ ಹೋಗುವ ಭಯ. ಇದನ್ನು ತಡೆಯಲೆಂದೇ ದಕ್ಷಿಣ ಆಫ್ರಿಕಾ 1997ರಲ್ಲಿ ಕಾನೂನು ಮಾಡಿತು: ಕೋರ್ಟಿನ ಆದೇಶವಿಲ್ಲದೆ ಅಂಥವರನ್ನು ಒಕ್ಕಲೆಬ್ಬಿಸುವಂತಿಲ್ಲ, ಹತ್ತು ವರ್ಷ ಅಲ್ಲೇ ಬಾಳಿ ಅರವತ್ತು ತಲುಪಿದವರಿಗೆ ಇನ್ನೂ ಗಟ್ಟಿ ರಕ್ಷಣೆ. ಹಾಗಿದ್ದೂ ತೋಟಗಳಿಂದ ಜನ ಹೊರಬೀಳುವುದು ನಿಂತಿಲ್ಲ. 2012ರ ಕೊನೆಯಲ್ಲಿ ಡಿ ಡೋರ್ನ್ಸ್‌ನಲ್ಲಿ ಶುರುವಾದ ಕೆಲಸಗಾರರ ಮುಷ್ಕರದ ನಂತರ ದಿನದ ಕನಿಷ್ಠ ಕೂಲಿ 69 ರ‍್ಯಾಂಡ್‌ನಿಂದ 105ಕ್ಕೆ ಏರಿತು. ಇದು ನಮ್ಮ ಕಾಲದ ಸಂಗತಿ.

ಎರಡನೆಯ ವಾದಕ್ಕೆ ನನ್ನಲ್ಲಿ ಸುಲಭದ ಉತ್ತರವಿರಲಿಲ್ಲ. ದೂರ ಉಳಿಯುವುದೇ ಧರ್ಮವಾಗಿದ್ದ ಕಾಲವೊಂದಿತ್ತು. 1946ರಲ್ಲಿ ಭಾರತ ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರ ಕಡಿದುಕೊಂಡಿತು. ಆಮೇಲೆ ಲೋಕದ ಎಷ್ಟೋ ಮಂದಿ ಅಲ್ಲಿನ ವೈನ್, ಹಣ್ಣು ಮುಟ್ಟಲಿಲ್ಲ. ಅಲ್ಲಿನ ಹೋರಾಟಗಾರರೇ ಕೊಳ್ಳಬೇಡಿ ಎಂದು ಕೇಳಿಕೊಂಡಿದ್ದರಿಂದ ಆ ಬಹಿಷ್ಕಾರಕ್ಕೆ ಬೆಲೆಯಿತ್ತು. ಈಗ ಅವರು ಕೇಳುತ್ತಿರುವುದು ಕೂಲಿ, ಮನೆ. ಯಾರೂ ಕೇಳದೆ ನಾನು ದೂರ ಉಳಿದರೆ ಉಳಿಯುವುದು ನನ್ನ ಮಡಿ ಮಾತ್ರ.

ಕನ್ನಡದಲ್ಲಿ ಇದೇ ‘ಉಳಿ’ ಎಂಬ ಮಾತು ಎಷ್ಟು ಕೆಲಸ ಮಾಡುತ್ತದೆ ನೋಡಿ. ಲಾಡ್ಜಿನಲ್ಲಿ ಎರಡು ದಿನ ಉಳಿಯುತ್ತೇವೆ. ಎಲ್ಲರೂ ಬಿಟ್ಟುಹೋದ ಮೇಲೂ ಒಬ್ಬಳು ಊರಲ್ಲಿ ಉಳಿಯುತ್ತಾಳೆ. ಜ್ವರ ಬಿಟ್ಟರೆ ಜೀವ ಉಳಿಯುತ್ತದೆ. ಪ್ರವಾಸಿಗೆ ಬೇಕಾದದ್ದು ಮೊದಲನೆಯದು, ದುಡ್ಡು ಕೊಟ್ಟರೆ ಸಿಗುತ್ತದೆ. ತೋಟದಲ್ಲಿ ಹುಟ್ಟಿ ಬೆಳೆದವಳಿಗೆ ಬೇಕಾದದ್ದು ಮಿಕ್ಕ ಎರಡು. ಒಂದೇ ಸೂರಿನಡಿ ನನ್ನ ಉಳಿಯುವಿಕೆ ಇನ್ನೊಬ್ಬರ ಉಳಿಯುವಿಕೆಯನ್ನು ತಿಂದುಹಾಕಿದೆಯೇ ಎಂದು ತಿಳಿದುಕೊಳ್ಳುವುದು ಅತಿಥಿಯ ಕರ್ತವ್ಯವೇ? ಹೌದು ಎಂದು ನನಗನ್ನಿಸಿತು. ಹಾಸಿಗೆ ಮೃದುವೇ, ತಿಂಡಿ ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳುವ ಹಕ್ಕು ನನಗಿದೆಯಾದರೆ, ಇಲ್ಲಿ ಮೊದಲು ಯಾರಿದ್ದರು ಎಂದೂ ಕೇಳಬಹುದಲ್ಲ.

ಕೇಳಿದೆ. ಎರಡು ದಿನದಲ್ಲಿ ಉತ್ತರ ಬಂತು, ತುಂಬ ಸೌಜನ್ಯದ್ದು. ಆ ಕುಟುಂಬಗಳು ಈಗ ಹತ್ತಿರದ ಊರಿನಲ್ಲಿ ನೆಲೆಸಿವೆ, ಕೆಲವರು ಈಗಲೂ ನಮ್ಮಲ್ಲೇ ದುಡಿಯುತ್ತಾರೆ, ತಮಗೆ ಯಾವ ದಿನಾಂಕಕ್ಕೆ ಬೇಕು ಎಂದು.

ಓದಿದ ನನ್ನ ಹೆಂಡತಿ, “ನೆಲೆಸಿವೆ ಅಂದ್ರೆ ಅವರಾಗೇ ಹೋದ್ರಾ, ಇವರು ಕಳಿಸಿದ್ರಾ?” ಎಂದಳು. ಅದು ಪತ್ರದಲ್ಲಿರಲಿಲ್ಲ. ಆಮೇಲೆ ನನ್ನ ಮುಖ ನೋಡಿ, “ಅಲ್ಲಾರೀ, ಮೂಡಿಗೆರೆಯಲ್ಲಿ ನಿಮ್ಮ ಚಿಕ್ಕಪ್ಪ ಲೈನ್ ಮನೇನೇ ಅಲ್ವಾ ಹೋಂಸ್ಟೇ ಮಾಡಿರೋದು? ಅಲ್ಲಿ ಮೂರು ಸಲ ಮಲಗೆದ್ದು ಬಂದ್ವಿ. ಆಗ ಕೇಳಿದ್ರಾ?” ಎಂದಳು.

ಕೇಳಿರಲಿಲ್ಲ. ಕೇಳದಿದ್ದದ್ದಷ್ಟೇ ಅಲ್ಲ, ಆ ಹೋಂಸ್ಟೇಯ ಬಗ್ಗೆ ನಾಲ್ಕು ಸಾಲು ಬರೆದುಕೊಡು ಎಂದು ಚಿಕ್ಕಪ್ಪ ಹೇಳಿದಾಗ, ‘ಕಾಫಿ ತೋಟದ ನಡುವೆ ಹಳೆಯ ಕಾಲದ ಲೈನ್ ಮನೆಯ ಅನುಭವ’ ಎಂದು ಬರೆದವನು ನಾನೇ. ನನ್ನ ಸಾಲಿಗೂ ಸ್ಟೆಲೆನ್‌ಬಾಷ್‌ನ ಆ ಸಾಲಿಗೂ ಏನು ವ್ಯತ್ಯಾಸ? ದೂರದ ಊರಿನ ಅನ್ಯಾಯ ಕಾಣುವ ಕಣ್ಣಿಗೆ ಮನೆಯವರ ಅಂಗಳ ಕಾಣುವುದಿಲ್ಲ. ದೂರದ್ದನ್ನು ಕೇಳುವಾಗ ನಮಗೇನೂ ಖರ್ಚಿಲ್ಲ. ಇಲ್ಲಿ ಕೇಳಿದರೆ ಸಂಬಂಧ ಕೆಡುತ್ತದೆ. ಹಾಗೆಂದು ಅಲ್ಲಿ ಕೇಳಿದ್ದು ತಪ್ಪಾಗುವುದಿಲ್ಲ, ಅರ್ಧವಾಗುತ್ತದೆ.

ಕೊನೆಗೆ ನಾವು ಪೀನಿಯೆಲ್‌ನಲ್ಲಿ ಕೋಣೆ ಹಿಡಿದೆವು. ಸ್ಟೆಲೆನ್‌ಬಾಷ್‌ನಿಂದ ಘಾಟಿ ದಾಟಿದರೆ ಸಿಗುವ ಪುಟ್ಟ ಊರು. ಬಿಡುಗಡೆಯಾದ ಗುಲಾಮರಿಗಾಗಿ 1843ರಲ್ಲಿ ಮಿಷನ್‌ನವರು ಹುಟ್ಟುಹಾಕಿದ್ದು. ತಮ್ಮದೇ ಬಾಗಿಲು ಮುಚ್ಚಿಕೊಂಡು ಮಲಗುವ ಹಕ್ಕು ಆ ಜನಕ್ಕೆ ಸಿಕ್ಕ ಜಾಗ. ಇಲ್ಲಿ ಉಳಿದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಂತೆ ಎಂದುಕೊಂಡಿದ್ದೆ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಮನೆಯೊಡತಿ ಎಪ್ಪತ್ತರ ಹೆಂಗಸು. ತಾಯಿ, ಅಜ್ಜಿ ಇಬ್ಬರೂ ಸುತ್ತಲಿನ ತೋಟಗಳಲ್ಲಿ ದುಡಿದವರಂತೆ. ನಾನು ಆ ಹುಲ್ಲಿನ ಮಾಡಿನ ಮನೆಯ ಕತೆ ಹೇಳಿ, ಅದಕ್ಕೇ ನಿಮ್ಮಲ್ಲಿಗೆ ಬಂದೆವು ಎಂದೆ. ಆಕೆ ಮೆಚ್ಚಲಿಲ್ಲ. “ಅಲ್ಲಿ ನನ್ನ ತಂಗಿಯ ಮಗಳು ಕೆಲಸ ಮಾಡುತ್ತಾಳೆ. ಅಲ್ಲೂ ಒಂದು ರಾತ್ರಿ ಇರಬಹುದಿತ್ತು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದರೆ ಕೇಳಿದ್ದು ಒಳ್ಳೆಯದಾಯಿತು. ಯಾರೋ ಕೇಳುತ್ತಿದ್ದಾರೆ ಅಂತ ಅವರಿಗೆ ಗೊತ್ತಿರಬೇಕು” ಎಂದು ಮೊಟ್ಟೆಯ ತಟ್ಟೆ ಮುಂದಿಟ್ಟರು.

ಮರುದಿನ ಆ ತೋಟಕ್ಕೆ ಹೋಗಿ ಪಿನೊಟಾಜ್ ರುಚಿ ನೋಡಿದೆವು. 1925ರಲ್ಲಿ ಇದೇ ಸ್ಟೆಲೆನ್‌ಬಾಷ್‌ನಲ್ಲಿ ಪಿನೊ ನ್ವಾರ್ ಮತ್ತು ಸ್ಯಾಂಸೋ ಬಳ್ಳಿಗಳನ್ನು ಕೂಡಿಸಿ ಹುಟ್ಟಿಸಿದ ತಳಿ. ಚೆನ್ನಾಗಿತ್ತು. ಚೆನ್ನಾಗಿಲ್ಲ ಎಂದಿದ್ದರೆ ಈ ಪ್ರಬಂಧಕ್ಕೆ ಅನುಕೂಲವಾಗುತ್ತಿತ್ತೇನೋ. ಸುರಿದುಕೊಟ್ಟ ಹುಡುಗಿ ಆಕೆಯ ತಂಗಿಯ ಮಗಳೇ ಇರಬಹುದು. ಕೇಳಲು ಸಂಕೋಚವಾಗಿ ಸುಮ್ಮನಾದೆ.

ಊರಿಗೆ ಬಂದ ಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮಳೆ, ಬೆಲೆ, ಆನೆ ಕಾಟ ಎಲ್ಲ ಮಾತಾಡಿ ಆದಮೇಲೆ, “ಚಿಕ್ಕಪ್ಪ, ಆ ಲೈನ್ ಮನೆಯಲ್ಲಿ ಮುಂಚೆ ಇದ್ದವರು ಈಗೆಲ್ಲಿದ್ದಾರೆ?” ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಯಾಕೋ? ಯಾರಾದ್ರೂ ಏನಾದ್ರೂ ಅಂದ್ರಾ?” ಎಂದರು. ಇಲ್ಲ, ಸುಮ್ಮನೆ ಕೇಳಿದೆ ಎಂದೆ. “ಮೂರು ಸಂಸಾರ ಇದ್ವು. ಒಂದು ಆಲ್ದೂರಿನ ಕಡೆ ಹೋಯ್ತು. ಮಿಕ್ಕವರು... ವಿಚಾರಿಸಿ ಹೇಳ್ತೀನಿ” ಎಂದರು.

ಇನ್ನೂ ಹೇಳಿಲ್ಲ. ನಾನು ಬರೆದುಕೊಟ್ಟ ಸಾಲು ಇನ್ನೂ ಹಾಗೇ ಇದೆ. ಈ ವಾರ ಮತ್ತೆ ಫೋನ್ ಮಾಡಬೇಕು.